ಹಾಜರಿದ್ದವಳು

ಗುಡ್ಡಮ್ಮ ಬೀದಿಯಲ್ಲಿ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು. ಬರಿಯ ಕಣ್ಣು ಹೊರಳಿಸುವ ನೋಟವಲ್ಲ ಅದು. ಕತ್ತು, ಭುಜ, ಸೊಂಟ ಎಲ್ಲವನ್ನೂ ಒಟ್ಟಿಗೆ ತಿರುಗಿಸಿ, ಹಿಂದಿನ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕಸಬರಿಕೆಯಿಂದ ಗುಡಿಸಿದಂತೆ ಒಮ್ಮೆ ನೋಡಿ, ಆಮೇಲೆ ಮತ್ತೆ ಹತ್ತು ಹೆಜ್ಜೆ. ಶಿಕಾರಿಪುರದ ಪೇಟೆಯ ಜಗಲಿಗಳಲ್ಲಿ ಕೂತವರು ಈ ನಡಿಗೆಗೆ ತಮಗೆ ತೋಚಿದ ಅರ್ಥಗಳನ್ನೆಲ್ಲ ಹಚ್ಚಿದ್ದರು. ಯಾರಿಗೋ ಹೆದರಿ ಓಡಿಬಂದವಳೆಂದರು ಕೆಲವರು. ಸೆರಗಿನಲ್ಲಿ ಕದ್ದ ಮಾಲಿದೆಯೆಂದರು ಇನ್ನು ಕೆಲವರು. ಬಿಟ್ಟುಹೋದ ಗಂಡ ಬರುತ್ತಾನೆಂದು ಇನ್ನೂ ದಾರಿ ನೋಡುತ್ತಾಳೆ ಪಾಪ, ಎಂದು ಇಲ್ಲದ ಗಂಡನೊಬ್ಬನನ್ನು ಅವಳಿಗೆ ಕಟ್ಟಿ ಕನಿಕರಪಟ್ಟವರೂ ಇದ್ದರು. ನಿಜ ಸರಳವಾಗಿತ್ತು. ಹಿಂದಿನಿಂದ ಬರುವ ಎತ್ತಿನ ಗಾಡಿಯಾಗಲಿ, ಶಿವಮೊಗ್ಗದ ಬಸ್ಸಾಗಲಿ, ಬಾಯಲ್ಲೇ ಗಂಟೆ ಬಾರಿಸಿಕೊಂಡು ಬರುವ ಸೈಕಲ್ಲಿನವನಾಗಲಿ ಅವಳಿಗೆ ಕೇಳಿಸುತ್ತಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಚಂದ್ರಗುತ್ತಿಯ ಮನೆಯಲ್ಲಿ ಬಂದ ಜ್ವರವೊಂದು ಅವಳನ್ನು ಉಳಿಸಿ, ಅವಳ ಎರಡು ಕಿವಿಗಳನ್ನು ಮಾತ್ರ ತೆಗೆದುಕೊಂಡು ಹೋಗಿತ್ತು. ಅಲ್ಲಿಂದ ಮೂವತ್ತು ವರ್ಷ ಅವಳು ಬದುಕಿದ್ದೆಲ್ಲ ಕಣ್ಣಿನ ಮೇಲೆ.

ಮೈಮೇಲೆ ಯಾವಾಗಲೂ ಒಂದು ಖಾಕಿ ಕೋಟು. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದ ಅಣ್ಣ ಸುಬ್ಬಪ್ಪ ನಿವೃತ್ತನಾದಾಗ ಬಿಚ್ಚಿಟ್ಟ ಕೋಟು ಅದು. ಗುಂಡಿಗಳೆಲ್ಲ ಉದುರಿ, ಅವುಗಳ ಜಾಗದಲ್ಲಿ ಹಳೆಯ ಸೀರೆಯಂಚಿನ ಲಾಡಿಗಳು. ಚೈತ್ರದ ಬಿಸಿಲಿನಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಬಲಜೇಬಿನಲ್ಲಿ ಅಂಗೈಯಗಲದ ಒಡಕು ಕನ್ನಡಿ, ಎಡಜೇಬಿನಲ್ಲಿ ನೂಲಿನ ಉಂಡೆ. ಮಾತಾಡುವಾಗ ಎರಡು ಬೆರಳನ್ನು ಗಂಟಲ ಮೇಲೆ ಇಟ್ಟುಕೊಳ್ಳುತ್ತಿದ್ದಳು. ತನ್ನ ದನಿ ಎಷ್ಟು ದೊಡ್ಡದಾಯಿತು, ಎಷ್ಟು ಸಣ್ಣದಾಯಿತು ಎಂಬುದನ್ನು ತಿಳಿಯಲು ಅವಳಿಗಿದ್ದ ತಕ್ಕಡಿ ಅದೊಂದೇ. ಬೆರಳಿಡಲು ಮರೆತ ದಿನ ಅವಳ ಗುಟ್ಟು ಮೂರು ಮನೆಗೆ ಕೇಳುತ್ತಿತ್ತು. ಅವಳ ಕೂಗು ಎದುರಿಗೆ ನಿಂತವರಿಗೂ ಕೇಳುತ್ತಿರಲಿಲ್ಲ.

ನಾನು ಮೈಸೂರಿನಲ್ಲಿ ಇಂಟರ್‌ಮೀಡಿಯೇಟ್‌ವರೆಗೆ ಓದಿದವಳು. ಮಕ್ಕಳ ಪಾಲನೆಯ ಬಗ್ಗೆ ಎರಡು ಇಂಗ್ಲಿಷ್ ಪುಸ್ತಕ ಓದಿ, ಅದರಲ್ಲಿದ್ದ ಕಾಯಿಲೆಗಳೆಲ್ಲ ನನ್ನ ಕೂಸಿಗಾಗಿಯೇ ಹುಟ್ಟಿವೆ ಎಂದು ನಂಬಿದ್ದ ಕಾಲವದು. ಐವತ್ತೆಂಟನೆಯ ಇಸವಿ. ನನ್ನ ಯಜಮಾನರು ಹೆಲ್ತ್ ಇನ್ಸ್‌ಪೆಕ್ಟರು; ಸಂಸಾರ ಶಿಕಾರಿಪುರದಲ್ಲಿ, ಓಡಾಟವೆಲ್ಲ ಸೊರಬದ ಕಡೆಯ ಹಳ್ಳಿಗಳಲ್ಲಿ. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಉಣುಗು ಕಚ್ಚಿದವರಿಗೆ ಜ್ವರ ಬರುತ್ತಿದೆ ಎಂಬ ಸುದ್ದಿ ಹೊತ್ತುಕೊಂಡೇ ಅವರು ಮನೆಗೆ ಬರುತ್ತಿದ್ದರು. ನಾನು ಅವರನ್ನು ಹಿತ್ತಲಲ್ಲೇ ತಡೆದು, ಬಟ್ಟೆ ಬಿಚ್ಚಿಸಿ, ಹಂಡೆಯ ಬಿಸಿನೀರು ಸುರಿಸಿ, ಕಿವಿಯ ಹಿಂದೆಲ್ಲ ಹುಡುಕಿ ನೋಡಿದ ಮೇಲೆಯೇ ಒಳಗೆ ಬಿಡುತ್ತಿದ್ದೆ. ಕೂಸು ನಳಿನಿಗೆ ಆಗ ಮೂರು ತಿಂಗಳು. ಅದು ಅತ್ತರೆ ನನಗೆ ಹೆದರಿಕೆ. ಅಳದೆ ಮಲಗಿದ್ದರೆ ಇನ್ನೂ ಹೆದರಿಕೆ.

ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕು ಎಂದು ನಾನು ಹೇಳಿದ್ದು ಪಕ್ಕದ ಮನೆಯ ಕುಬ್ರಾ ಬೀಯ ಹತ್ತಿರ. ಆಕೆಯ ಗಂಡ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಮರುದಿನವೇ ಆಕೆ ಖಾಕಿ ಕೋಟಿನ ಈ ಹೆಂಗಸನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದಳು. ವಿಷಯ ತಿಳಿದು ನಾನು ಗಾಬರಿಬಿದ್ದೆ.

"ಕುಬ್ರಾ ಬೀ, ಕೂಸು ಅತ್ತರೆ ಇವಳಿಗೆ ಕೇಳಿಸೋದು ಹೇಗೆ?"

"ನಿಮಗೆ ಕೈ ಬೇಕೋ ಕಿವಿ ಬೇಕೋ ಹೇಳ್ರೀ ಅಮ್ಮ," ಎಂದಳು ಕುಬ್ರಾ ಬೀ, ಎಲೆಯಡಿಕೆ ಅಗಿಯುತ್ತ. "ಕಿವಿ ನಿಮ್ದೇ ಎರಡು ಅದಾವೆ. ಇರುವೆ ನಡೆದ್ರೂ ಕೇಳ್ತಾವೆ. ಈ ಮನೇಲಿ ಕಿವಿ ಜಾಸ್ತಿನೇ ಆಗಿದೆ, ಕಮ್ಮಿ ಇರೋದು ಕೈ."

ಆದರೂ ನಾನು ಪರೀಕ್ಷೆ ಮಾಡದೆ ಬಿಡಲಿಲ್ಲ. ಗುಡ್ಡಮ್ಮ ನನಗೆ ಬೆನ್ನು ಮಾಡಿ ತೊಟ್ಟಿಲಿಗೆ ಬಗ್ಗಿ ನಿಂತಿದ್ದಾಗ ಹಿಂದಿನಿಂದ ಚಪ್ಪಾಳೆ ತಟ್ಟಿದೆ. ಅವಳು ತಿರುಗಲಿಲ್ಲ. ಹಿತ್ತಾಳೆಯ ತಟ್ಟೆಯೊಂದನ್ನು ನೆಲಕ್ಕೆ ಕೆಡವಿದೆ. ಅವಳು ತಿರುಗಿದಳು, ನನ್ನನ್ನೂ ತಟ್ಟೆಯನ್ನೂ ನೋಡಿದಳು, ಎರಡು ಬೆರಳು ಗಂಟಲಿಗೆ ಹೋದವು.

"ನನಗೆ ಕೇಳ್ಲಿಲ್ಲ ಅಮ್ಮ. ಕೂಸು ಬೆಚ್ಚಿಬಿತ್ತಲ್ದ, ಅದರ ಕಣ್ಣಾಗೆ ನೋಡ್ದೆ. ಕೆಡವಿ ನೋಡ್ದೆ ಇದ್ರೆ ನಿಮಗೂ ಧೈರ್ಯ ಬರೂದಿಲ್ಲ, ಅಡ್ಡಿಲ್ಲ."

ಆ 'ಅಡ್ಡಿಲ್ಲ' ಎಂಬ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಕೆಲಸ ಕೇಳಲು ಹೋದ ಮನೆಗಳಲ್ಲೆಲ್ಲ ಯಾರೋ ಒಬ್ಬರು ತಟ್ಟೆ ಕೆಡವಿಯೇ ಇರುತ್ತಾರೆ ಎಂಬ ಹಳೆಯ ಪರಿಚಯವಿತ್ತು. ನನ್ನ ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ಅವಳನ್ನು ಇಟ್ಟುಕೊಂಡೆ.

ನೂಲಿನ ಉಂಡೆ ಯಾಕೆಂಬುದು ಅಂದೇ ತಿಳಿಯಿತು. ನಮ್ಮಲ್ಲಿ ಹೆಂಗಸರು ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕೈಯಲ್ಲಿ ಅಕ್ಕಿ ಆರಿಸುತ್ತ ಕಾಲಲ್ಲಿ ತೂಗುವುದುಂಟು. ಗುಡ್ಡಮ್ಮ ಆ ಪದ್ಧತಿಯನ್ನು ತಿರುಗಾಮುರುಗಾ ಮಾಡಿದ್ದಳು. ತೊಟ್ಟಿಲಿಂದ ಒಂದು ನೂಲು ಹೊರಟು, ಬಾಗಿಲ ಸಂದಿಯಿಂದ ಹಾದು, ಒರಳಿನ ಹತ್ತಿರ ಕೂತ ಅವಳ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಅವಳು ತೂಗುತ್ತಿರಲಿಲ್ಲ, ತೊಟ್ಟಿಲೇ ಅವಳನ್ನು ಎಳೆಯಬೇಕು. ಕೂಸು ಬರಿದೆ ಮಗ್ಗಲು ಬದಲಿಸಿದರೆ ನೂಲು ಒಮ್ಮೆ ಜಗ್ಗುತ್ತದೆ. ಎದ್ದು ಕಾಲು ಬಡಿಯಲು ತೊಡಗಿದರೆ ಎಡೆಬಿಡದೆ ಜಗ್ಗುತ್ತದೆ. ಕೂಸು ಅಳುವುದಕ್ಕೆ ಮೊದಲು ಕಾಲು ಬಡಿಯುತ್ತದೆ ಎಂಬುದನ್ನು ಎರಡು ಇಂಗ್ಲಿಷ್ ಪುಸ್ತಕ ಓದಿದ ನಾನು ಗಮನಿಸಿರಲಿಲ್ಲ. ಅತ್ತ ಮೇಲೆ ನಾನು ಓಡಿಹೋದರೆ, ಅಷ್ಟು ಹೊತ್ತಿಗೆ ಗುಡ್ಡಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿರುತ್ತಿದ್ದಳು.

ಕನ್ನಡಿಯನ್ನು ಒಲೆಯ ಎದುರಿನ ಗೂಡಿನಲ್ಲಿ ವಾರೆಯಾಗಿ ಒರಗಿಸಿಡುತ್ತಿದ್ದಳು. ಒಲೆಯ ಮುಂದೆ ಮುಖ ನೋಡಿಕೊಳ್ಳುವವಳನ್ನು ಎಲ್ಲೂ ಕಂಡಿರಲಿಲ್ಲವೆಂದು ನಾನು ಮೊದಲು ಮುಖ ಸಿಂಡರಿಸಿದ್ದೆ. ಒಂದು ದಿನ ಬಗ್ಗಿ ನೋಡಿದರೆ ಅದರಲ್ಲಿ ಕಂಡದ್ದು ಬೆನ್ನ ಹಿಂದಿನ ಬಾಗಿಲು.

ಬಾಯಿಯ ಚಲನೆ ನೋಡಿ ಮಾತು ಹಿಡಿಯುವುದರಲ್ಲಿ ಅವಳು ಬಲು ಗಟ್ಟಿಗಿತ್ತಿ. ಆದರೆ ನಮ್ಮ ಕನ್ನಡವೇ ಅವಳಿಗೆ ಅಲ್ಲಲ್ಲಿ ಹಳ್ಳ ತೋಡಿಟ್ಟಿತ್ತು. ಒಂದು ಮಧ್ಯಾಹ್ನ ಮೋಡ ಕವಿದು ಹನಿ ಬಿತ್ತು. ನಾನು ಒಳಗಿನಿಂದ ಓಡಿಬಂದು, "ಗುಡ್ಡಮ್ಮ, ಮಳೆ ಬಂತು!" ಎಂದೆ. ಅವಳು ಹಿತ್ತಲಿಗೆ ಹೋಗುವ ಬದಲು ಬೀದಿ ಬಾಗಿಲಿಗೆ ಓಡಿದಳು, ಅತ್ತಿತ್ತ ನೋಡಿ, "ಎಲ್ಲಿ ಅಮ್ಮ, ಯಾರೂ ಇಲ್ಯಲ?" ಎಂದಳು. ಹಿತ್ತಲಲ್ಲಿ ಕೂಸಿನ ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾಯಿತು. ಅವಳು ನೋಡಿದ್ದು 'ಬಳೆ ಬಂತು' ಎಂದು. ಬಳೆಗಾರ್ತಿಯನ್ನು ಹುಡುಕಿಕೊಂಡು ಹೋಗಿದ್ದಳು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದಳು: ತುಟಿ ಕೂಡಿಸಿ ಬಿಡುವ ಮಾತೆಲ್ಲ ನೋಡುವವಳಿಗೆ ಒಂದೇ. ಮಾವ ಎಂದರೂ ಬಾವ ಎಂದರೂ ಬಾಯಿ ಆಡುವುದು ಒಂದೇ ತರ. ಗಂಟಲಲ್ಲೂ ನಾಲಗೆಯಲ್ಲೂ ಹುಟ್ಟುವ ಅಕ್ಷರಗಳಂತೂ ಹೊರಗೆ ಕಾಣುವುದೇ ಇಲ್ಲ. "ಒಂದ್ಸಲ ನಮ್ಮ ಅತ್ತಿಗೆ ಬಾವ ಬಂದಾರೆ ಅಂದ್ಲು. ನಾನು ಮಾವ ಅಂದ್ಕಂಡು ಕಾಲಿಗೆ ಬಿದ್ದೆ. ಆ ಹುಡುಗಂಗೆ ಇನ್ನೂ ಮೀಸೆ ಬಂದಿರ್ಲಿಲ್ಲ!" ಎಂದು ಗಂಟಲಿನ ಬೆರಳು ಮರೆತು ನಕ್ಕಳು. ಆ ನಗೆಗೆ ಕುಬ್ರಾ ಬೀ ಗೋಡೆಯಾಚೆಯಿಂದ ಇಣುಕಿದಳು.

ಅವಳು ಕಳೆದುಕೊಂಡ ಕೆಲಸಗಳ ಕಥೆ ಹೀಗೆಯೇ ಬಿಡಿಬಿಡಿಯಾಗಿ, ಬೇಳೆ ಆರಿಸುವಾಗಲೋ ಕೂಸಿನ ಬಟ್ಟೆ ಮಡಿಸುವಾಗಲೋ ಬರುತ್ತಿತ್ತು. ಸೊರಬದ ಅಕ್ಕಿ ಗಿರಣಿಯೊಂದರಲ್ಲಿ ನಾಲ್ಕು ದಿನ ತೌಡು ಕೇರಿದ್ದಳು. ಐದನೆಯ ದಿನ ಧಣಿ, ಯಂತ್ರದ ಪಟ್ಟಾ ಹರಿದರೆ ಇವಳಿಗೆ ಕೇಳುವುದಿಲ್ಲ, ಸತ್ತರೆ ತಲೆಗೆ ಬರುತ್ತದೆ ಎಂದು ಕಳಿಸಿಬಿಟ್ಟನಂತೆ. "ಆ ಗಿರಣಿ ಸದ್ದಿಗೆ ಕಿವಿ ಇದ್ದೋರಿಗೂ ಎಂತದೂ ಕೇಳ್ತಿರ್ಲಿಲ್ಲ, ಎಲ್ಲ ಕೈಸನ್ನೆ ಮಾಡ್ತಿದ್ರು. ನನಗೊಬ್ಬಳಿಗೇ ಅದು ಸಲೀಸಿತ್ತು," ಎಂದಳು. ಅಂಜನಾಪುರದ ಕಾಲುವೆ ರಿಪೇರಿಗೆ ಹೋದರೆ, ಕಲ್ಲು ಸಿಡಿಸುವ ಮೊದಲು ಕೂಗು ಹಾಕುತ್ತೇವೆ, ನಿನಗೆ ಕೇಳದು ಎಂದರು. ಗದ್ದೆ ನಾಟಿಗೆ ಹೋದಳು. ಒಬ್ಬಳು ಹಾಡಿ ಉಳಿದವರು ಸೊಲ್ಲು ಕೊಡುವಾಗ ಇವಳೊಬ್ಬಳು ಬಾಯಿ ಮುಚ್ಚಿಕೊಂಡು ಪಕ್ಕದವಳ ಕೈ ನೋಡಿ ಸಸಿ ಊರುತ್ತಿದ್ದಳು. ಗದ್ದೆಯ ಯಜಮಾನಿಗೆ ಅದು ಸೊಕ್ಕಾಗಿ ಕಂಡಿತು. ಹೋಟೆಲಿನ ಅಡಿಗೆ ಮನೆಯಲ್ಲಿ ತಿಂಡಿಯ ಆರ್ಡರುಗಳೆಲ್ಲ ಕೂಗಿನಲ್ಲೇ ಬರುತ್ತವಲ್ಲ, ಅಲ್ಲಿ ಅರ್ಧ ದಿನ. ನನಗೆ ಆಶ್ಚರ್ಯವಾದದ್ದು, ಈ ಜನರಲ್ಲಿ ಒಬ್ಬರೂ ಕೆಟ್ಟವರಾಗಿರಲಿಲ್ಲ. ಎಲ್ಲರೂ ಅವಳ ಒಳ್ಳೆಯದಕ್ಕೇ ಅವಳನ್ನು ಕಳಿಸಿದ್ದರು.

ಅಣ್ಣನ ಮನೆಯ ಪಡಸಾಲೆಯ ಮೂಲೆಯೊಂದರಲ್ಲಿ ಅವಳ ಚಾಪೆ. ಹಿತ್ತಲಿಗೆ ಹೋದಾಗ ಅತ್ತಿಗೆ ಮರೆತು ಕದ ಹಾಕಿಕೊಂಡರೆ, ಇವಳು ಬಡಿದು ಬಡಿದು, ಒಳಗಿನಿಂದ 'ಬಂದೆ' ಎಂದರೋ ಇಲ್ಲವೋ ತಿಳಿಯದೆ, ಮತ್ತೂ ಬಡಿದು, ಕೊನೆಗೆ ಅದಕ್ಕೂ ಬೈಸಿಕೊಳ್ಳುವಳು. ಹೀಗಿರುವಾಗ, ಊರಿನ ಕೆಲವು ಪ್ರಮುಖರು ಸೇರಿ ದತ್ತಿಯೊಂದರಿಂದ ಕಟ್ಟಿಸಿದ ಹೆರಿಗೆಮನೆಗೆ ಒಬ್ಬ ಆಯಾ ಬೇಕಾಗಿದ್ದಾಳೆ, ಕೆಲಸ ಖಾಯಂ, ಕಟ್ಟಡದ ಹಿಂದೆ ಒಂದು ಕೋಣೆಯೂ ಉಂಟು ಎಂಬ ಸುದ್ದಿಯನ್ನು ಕುಬ್ರಾ ಬೀ ತಂದಳು. ಗುಡ್ಡಮ್ಮ ಸುದ್ದಿಯನ್ನು ಎರಡು ಸಲ ಹೇಳಿಸಿ ನೋಡಿದಳು. ಖಾಯಂ ಎಂಬ ಮಾತಿಗೆ ಅವಳ ಮುಖ ಅರಳಲಿಲ್ಲ. ಕೋಣೆ ಎಂದಾಗ ಅರಳಿತು.

"ಕದ ಉಂಟಾ ಅಮ್ಮ, ಅದಕ್ಕೆ? ನಾನೇ ಹಾಕ್ಕಂಬಂತದ್ದು, ನಾನೇ ತೆಗೆವಂತದ್ದು?"

ನಮಗೆ ಯಾವ ಹೊತ್ತಿಗೂ ವರ್ಗವಾಗಬಹುದಿತ್ತು. ನನ್ನ ಮನೆ ಅವಳಿಗೆ ನಿಲ್ಲುವ ನೆಲವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅರ್ಜಿ ನಾನೇ ಬರೆದೆ. ಬರೆಯುತ್ತ ಒಂದು ಜಾಣತನವನ್ನೂ ಮಾಡಿದೆ: ಕಿವಿಯ ವಿಷಯ ಬರೆಯಲಿಲ್ಲ. ಅವಳಿಗೂ ಹೇಳಿಕೊಟ್ಟೆ. "ನೀನಾಗಿ ಹೇಳಬೇಡ. ನಾನು ಪಕ್ಕದಲ್ಲೇ ಕೂತಿರ್ತೀನಿ. ಹೆಸರು ಕರೆದಾಗ ಮೊಣಕೈ ಮುಟ್ತೀನಿ, ಎದ್ದು ಒಳಗೆ ಹೋಗು. ಎದುರಿಗೆ ಕೂತು ಕೇಳ್ತಾರೆ, ಬಾಯಿ ನೋಡಿ ಉತ್ತರ ಹೇಳು. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾದರೆ ಆಗಲಿ." ಅವಳು ನನ್ನ ಬಾಯಿಯಿಂದ ಕಣ್ಣು ತೆಗೆಯದೆ, "ಸುಳ್ಳಾಗೂದಿಲ್ದ?" ಎಂದಳು. ಇಲ್ಲವೆಂದೆ. ಖಾಕಿ ಕೋಟು ಕಂಡರೆ ನಗುತ್ತಾರೆ ಎಂದು ಅದನ್ನೂ ಬಿಚ್ಚಿಸಿ ಗೂಟಕ್ಕೆ ಹಾಕಿಸಿದೆ. ಅದರ ಜೇಬಿನಲ್ಲಿದ್ದ ಕನ್ನಡಿ, ನೂಲು ಅಲ್ಲೇ ಉಳಿದವು. ನನ್ನದೊಂದು ಮೈಸೂರು ಸೀರೆ ಉಡಿಸಿದೆ. ನಮ್ಮ ಗೋಡೆಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಅವಳು, "ಇವರು ಯಾರ ಮನೆ ಅಮ್ಮೋರು?" ಎಂದು ತಮಾಷೆ ಮಾಡಿದಳು.

ಸಂದರ್ಶನದ ಆ ದಿನ ಬೆಳಿಗ್ಗೆ ಕೂಸಿನ ಮೈ ಬೆಚ್ಚಗಿತ್ತು.

ಏಪ್ರಿಲ್ ತಿಂಗಳು. ಯಜಮಾನರು ಸೊರಬಕ್ಕೆ ಹೋಗಿ ಎರಡು ದಿನವಾಗಿತ್ತು. ಅದರ ಹಿಂದಿನ ಸಲ ಅವರ ಅಂಗಿಯನ್ನು ನಾನು ಸರಿಯಾಗಿ ಕೊಡವಿದ್ದೆನೋ ಇಲ್ಲವೋ ಎಂಬ ಸಂಶಯ ನನ್ನ ಎದೆಯನ್ನು ಕೊರೆಯತೊಡಗಿತು. ಕೂಸು ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಜೊಲ್ಲು ಸುರಿಸುತ್ತ ಒಂದೇ ಸಮನೆ ಕಿರಿಕಿರಿ ಮಾಡುತ್ತಿತ್ತು. ಗುಡ್ಡಮ್ಮ ಅದರ ಹೊಟ್ಟೆಗೆ ಕೆನ್ನೆಯಿಟ್ಟು ನೋಡಿದಳು, ಕಿರುಬೆರಳು ತೊಳೆದು ಒಸಡಿನ ಮೇಲೆ ಆಡಿಸಿದಳು.

"ಜ್ವರ ಅಲ್ಲ ಅಮ್ಮ. ಹಲ್ಲು."

"ನಿನಗೇನು ಗೊತ್ತು!" ಎಂದೆ. ಅಷ್ಟರಲ್ಲಿ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ಅದು ಹೇಗೆ ಅಳ್ತಿದೆ ಅಂತ ನಿನಗೆ ಕೇಳಿಸ್ತಿದ್ದರೆ ತಾನೆ!"

ಮುಖ ತಿರುಗಿಸಿಕೊಂಡು ಆಡಬಹುದಿತ್ತು ಆ ಮಾತನ್ನು. ನಾನು ಅವಳ ಎದುರಿಗೇ ಆಡಿದೆ. ಅವಳು ಪೂರ್ತಿಯಾಗಿ ನೋಡಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡು, "ಆತು ಬಿಡಿ. ಕೂಸು ನೋಡ್ಕಳಿ. ನಾ ಹೋಗಿ ಬತ್ತೆ," ಎಂದಳು. ನಾನು ಹೊಸ್ತಿಲವರೆಗೆ ಹೋಗಿ ಕೊಟ್ಟ ಬುದ್ಧಿವಾದ ಇಷ್ಟೇ: "ಕರೆದ ಕೂಡಲೇ ಎದ್ದು ಹೋಗು, ಆಯ್ತಾ?" ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯಲ್ಲಿ ನಗೆಪಾಟಲಾಗಬೇಕಾದವನು ಕಿನ್ನರಿಯವನು ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಅವಳು ಬಂದದ್ದು ಸಂಜೆ ಐದಕ್ಕೆ. ಏನಾಯಿತೆಂದು ಕೇಳಿದರೆ, "ಕರೀಲೇ ಇಲ್ಲ," ಎಂದಳು. ಮೈಸೂರು ಸೀರೆಯನ್ನು ಬಿಚ್ಚಿ, ಮಡಿಸಿ, ಮಡಿಕೆಯ ಮೇಲೆ ಎರಡು ಸಲ ಕೈಯಾಡಿಸಿ ನನ್ನ ಮುಂದಿಟ್ಟಳು. ಗೂಟದಿಂದ ಕೋಟು ತೆಗೆದು ಹಾಕಿಕೊಂಡು, ಲಾಡಿ ಬಿಗಿದು, ಜೇಬು ಮುಟ್ಟಿ ನೋಡಿಕೊಂಡು ಹೊರಟುಹೋದಳು.

ಮರುದಿನ ಕೂಸನ್ನು ಕಂಕುಳಲ್ಲಿ ಹೊತ್ತು ನಾನೇ ಹೆರಿಗೆಮನೆಗೆ ಹೋದೆ. ಸಮಿತಿಯ ಅಧ್ಯಕ್ಷರು ಮಲ್ಲಿಕಾರ್ಜುನಪ್ಪನವರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಸಜ್ಜನರು. ಅವರ ಜೊತೆಗೇ ನಿವೃತ್ತನಾಗಿ, ಅವರ ಜೊತೆಗೇ ಇಲ್ಲಿಗೂ ಬಂದ ಜವಾನ ಉಚ್ಚಂಗಪ್ಪ, ಅಭ್ಯರ್ಥಿಗಳನ್ನೂ ಕಕ್ಷಿದಾರರನ್ನು ಕೂಗುವ ಹಾಗೆಯೇ ಬಾಗಿಲಲ್ಲಿ ನಿಂತು ಮೂರು ಮೂರು ಸಲ ಕೂಗುತ್ತಿದ್ದ. ಅವನು ರಿಜಿಸ್ಟರು ತೆರೆದು ತೋರಿಸಿದ. ನಾಲ್ಕು ಹೆಸರು. ನಾಲ್ಕನೆಯದು ಗುಡ್ಡಮ್ಮ, ಅದರ ಮುಂದೆ ದುಂಡಗಿನ ಅಕ್ಷರದಲ್ಲಿ 'ಗೈರುಹಾಜರು'.

"ಅವಳು ಇಲ್ಲೇ ಇದ್ದಳಲ್ಲ!"

"ಎಲ್ರೀ ತಾಯಿ? ಮೂರು ಸಲ ಕೂಗೀನಿ. ಆಣೆ ಮಾಡಿ ಹೇಳ್ತೀನಿ. ಬೆಂಚಿನ ಮ್ಯಾಲೆ ಒಬ್ಬಾಕಿ ಕುಂತಿದ್ದಳು, ಆಕಿನೇ ಹೇಳಿದ್ಲು, 'ಅವಳು ಆಗಲೇ ಹೋದ್ಲು' ಅಂತ."

"ಯಾರು ಹೇಳಿದ್ದು?"

"ಯಾರೋ ದೊಡ್ಡ ಮನಿಯಾಕಿ. ಮೈಸೂರು ಸೀರಿ ಉಟ್ಟಿದ್ಲು. ಯಾರದೋ ಜೊತಿಗೆ ಬಂದ ಅಮ್ಮೋರು ಅಂದ್ಕಂಡೆ."

ಮನೆಗೆ ಬಂದು ಗುಡ್ಡಮ್ಮನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಾಗ ಎಲ್ಲ ಬಿಡಿಸಿಕೊಂಡಿತು. ಮೊದಲು ಕೂಗಿದ್ದು ದುರ್ಗಮ್ಮ ಎಂಬ ಹೆಸರನ್ನು. ತುಟಿ ದುಂಡಗಾಗಿ, ತೆರೆದು, ಕೊನೆಗೆ 'ಮ್ಮ' ಎಂದು ಕೂಡಿಕೊಂಡದ್ದನ್ನು ನೋಡಿ ಇವಳು ತನ್ನನ್ನೇ ಎಂದು ಎದ್ದಳು. ಬೆಂಚಿನವರು ನಕ್ಕು, ಸೆರಗು ಜಗ್ಗಿ ಕೂರಿಸಿದರು. ದುರ್ಗಮ್ಮ ಒಳಗೆ ಹೋಗಿಬಂದು ತನ್ನ ಮನೆಗೆ ಹೋದಳು. ಉಳಿದಿಬ್ಬರ ಸರದಿಯೂ ಮುಗಿಯಿತು. ಕೊನೆಗೆ ಉಚ್ಚಂಗಪ್ಪ ಬಾಗಿಲಿಗೆ ಬಂದು ಮತ್ತೆ ಅದೇ ಬಾಯಿ ಆಡಿಸಿದ. ದುಂಡಗಾಗಿ, ತೆರೆದು, 'ಮ್ಮ'. ಗುಡ್ಡಮ್ಮ ಎಂದರೂ ದುರ್ಗಮ್ಮ ಎಂದರೂ ಹೊರಗೆ ಕಾಣುವುದು ಅಷ್ಟೇ. ಒಮ್ಮೆ ಎದ್ದು ನಗೆಪಾಟಲಾಗಿದ್ದವಳು ಈ ಸಲ ಏಳಲಿಲ್ಲ. ಅವನು ಮೂರನೆಯ ಸಲ ಕೂಗುವುದನ್ನು ನೋಡಿ, ಪಾಪ ಯಾಕೆ ದಣಿಯುತ್ತಾನೆ ಎಂದು, ದುರ್ಗಮ್ಮ ಹೋದ ದಿಕ್ಕಿಗೆ ಕೈ ತೋರಿಸಿ ಉಪಕಾರ ಮಾಡಿದಳು: "ಅವಳು ಆಗಲೇ ಹೋದ್ಲು."

ಗುಡ್ಡಮ್ಮ ಇಲ್ಲವೆಂಬುದಕ್ಕೆ ಗುಡ್ಡಮ್ಮನದೇ ಸಾಕ್ಷಿ. ಮೊಣಕೈ ಮುಟ್ಟಬೇಕಾಗಿದ್ದ ಬೆರಳು ಮನೆಯಲ್ಲಿ ಕೂಸಿನ ಹಣೆಯ ಮೇಲಿತ್ತು. ಎರಡು ದಿನ ಕಳೆದು, ಕೂಸಿನ ಕೆಳಗಿನ ಒಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳುಪು ಕಾಣಿಸಿತು.

ಆ ಹಲ್ಲನ್ನು ಕಂಡ ದಿನವೇ ನಾನು ಮತ್ತೆ ಮಲ್ಲಿಕಾರ್ಜುನಪ್ಪನವರಲ್ಲಿಗೆ ಹೋಗಿ, ಕಿವಿಯ ವಿಷಯವನ್ನೂ, ಅದನ್ನು ಮುಚ್ಚಿಟ್ಟ ನನ್ನ ಜಾಣತನವನ್ನೂ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು.

"ನೋಡ್ರಿ ತಂಗಿ, ಬರಲಿಲ್ಲ ಅಂದ್ರೆ ಇನ್ನೊಮ್ಮೆ ಕರೀಬಹುದಿತ್ತು. ಕಿವಿ ಇಲ್ಲ ಅಂತ ಗೊತ್ತಾದ ಮ್ಯಾಲೆ ಅದೂ ಇಲ್ಲ. ಬಾಣಂತಿ ಕೂಗಿದ್ರೆ ಏನು ಮಾಡ್ತಾಳೆ?"

ನಾನು ತೊಟ್ಟಿಲಿನ ನೂಲಿನ ವಿಷಯ ಹೇಳಿದೆ. ಅವರು ಮನಸಾರೆ ನಕ್ಕರು. "ಹತ್ತು ಹಾಸಿಗಿ ಅದಾವ್ರಿ ನಮ್ಮಲ್ಲಿ. ಹತ್ತು ದಾರ ಕಟ್ಕೊಂಡು ಸೂತ್ರದ ಗೊಂಬಿ ಹಂಗ ಕುಣೀತಾಳೇನ್ರಿ?" ಉಚ್ಚಂಗಪ್ಪನೂ ನಕ್ಕ. ಕೆಲಸ ದುರ್ಗಮ್ಮನಿಗಾಯಿತು.

ಈ ಮಾತನ್ನು ನಾನು ಗುಡ್ಡಮ್ಮನಿಗೆ ಮುಚ್ಚಿಡಲಿಲ್ಲ. ಮುಚ್ಚಿಡುವುದರಲ್ಲಿ ನನ್ನ ಕೈಗುಣ ಎಂಥದೆಂದು ಆಗಲೇ ನೋಡಿಯಾಗಿತ್ತು. ಅವಳು ಒರಳ ಗುಂಡು ನಿಲ್ಲಿಸಿದಳು. "ಹತ್ತು ಯಾಕೆ ಅಮ್ಮ? ಒಂದೇ ಸಾಕಲ್ದ? ಗೋಡೆ ಉದ್ದಕ್ಕೂ ಎಳೆದು ಎಲ್ಲ ಮಂಚಕ್ಕೂ ತಾಗೂ ಹಾಂಗೆ ಕಟ್ಟಿದ್ರೆ, ಯಾರು ಎಳೆದ್ರೂ ನಂಗೆ ಗೊತ್ತಾತದೆ. ಬಂದು ಮುಖ ನೋಡಿದ್ರೆ ಯಾರು ಅಂತ ತಿಳೀತದೆ." ಮತ್ತೆ ಗುಂಡು ತಿರುಗಿಸತೊಡಗಿದಳು. ಅಧ್ಯಕ್ಷರಿಗೂ, ನನಗೂ, ಆ ಗಿರಣಿಯ ಧಣಿಗೂ ತೋಚದ ಒಂದು ಕೆಲಸವಿತ್ತು, ಅವಳನ್ನೇ ಕೇಳುವುದು.

ಹೀಗೆ ಒಂದು ವರ್ಷ ಸರಿಯಿತು. ಕೂಸು ತೊಟ್ಟಿಲಿನಿಂದ ಇಳಿದು, ನೂಲಿನ ತುದಿಯನ್ನು ತಾನೇ ಹಿಡಿದೆಳೆದು ಗುಡ್ಡಮ್ಮನನ್ನು ಮನೆಯೆಲ್ಲ ಓಡಾಡಿಸುವಷ್ಟು ದೊಡ್ಡದಾಯಿತು. ಅದು ಅವಳೊಡನೆ ಮಾತಾಡುವ ಮುಂಚೆ ಅವಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿತ್ತು. ಹಾಗೆಂದು ಯಾರೂ ಅದಕ್ಕೆ ಕಲಿಸಿರಲಿಲ್ಲ. ಐವತ್ತೊಂಬತ್ತರ ಬೇಸಗೆಯಲ್ಲಿ ದುರ್ಗಮ್ಮ ಗಂಡನ ಊರಿಗೆ ಹೊರಟುಹೋಗಿ ಆಯಾ ಕೆಲಸ ಮತ್ತೆ ಖಾಲಿಬಿತ್ತು. ಅದೇ ವಾರ ನಮಗೆ ವರ್ಗದ ಆರ್ಡರೂ ಬಂತು. ಈ ಸಲ ಅರ್ಜಿಯ ಮೊದಲ ಸಾಲನ್ನು ಗುಡ್ಡಮ್ಮನೇ ಹೇಳಿ ಬರೆಸಿದಳು: 'ನನಗೆ ಎರಡು ಕಿವಿಯೂ ಕೇಳುವುದಿಲ್ಲ.' ನಾನು ಜೊತೆಗೆ ಬರಲೇ ಎಂದೆ. "ಬಂದ್ರೆ ಬನ್ನಿ, ಸುಮ್ನೆ ಕೂರಿ. ಮುಟ್ಟೂದು ಬ್ಯಾಡ," ಎಂದಳು.

ಖಾಕಿ ಕೋಟು ಹಾಕಿಕೊಂಡೇ ಹೋದಳು. ಬೆಂಚಿನ ಮೇಲೆ ಕೂರಲಿಲ್ಲ, ಸೀದಾ ಉಚ್ಚಂಗಪ್ಪನ ಎದುರಿಗೆ ಹೋಗಿ ನಿಂತು, "ಅಣ್ಣಾ, ನೀನು ಕೂಗೂದು ನನಗೆ ಕೇಳೂದಿಲ್ಲ. ನನ್ನ ಸರದಿ ಬಂದಾಗ ಕೈ ತೋರ್ಸು," ಎಂದಳು. ಉಚ್ಚಂಗಪ್ಪ ಮರ್ಯಾದಸ್ಥ. ಸರದಿ ಬಂದಾಗ ಪದ್ಧತಿ ಬಿಡದೆ, "ಗುಡ್ಡಮ್ಮಾ, ಹಾಜರಾ?" ಎಂದು ಕೂಗಿಯೂ ಕೂಗಿದ, ಕೈಯನ್ನೂ ತೋರಿಸಿದ. ಗಂಟಲಿಗೆ ಬೆರಳಿಡದೆ ಅವಳು "ಹಾಜರ್!" ಎಂದಳು. ಒಳಗಿನ ವಾರ್ಡಿನಲ್ಲಿ ಎರಡು ಹಸುಗೂಸುಗಳು ಎದ್ದು ಅತ್ತವು. ನನ್ನ ತೊಡೆಯ ಮೇಲಿದ್ದ ನಳಿನಿ ಚಪ್ಪಾಳೆ ತಟ್ಟಿತು.

ಒಳಗೆ ಮಲ್ಲಿಕಾರ್ಜುನಪ್ಪನವರು ಹಳೆಯ ಪ್ರಶ್ನೆಯನ್ನೇ ಕೇಳಿದರು. ಗುಡ್ಡಮ್ಮ ಜೇಬಿನಿಂದ ಉಂಡೆ ತೆಗೆದು, ನೂಲಿನ ತುದಿಯನ್ನು ಅವರ ಕೈಗೆ ಕೊಟ್ಟು, "ಹಿಡ್ಕಳಿ ಬುದ್ದಿ," ಎಂದು, ಉಂಡೆ ಬಿಚ್ಚುತ್ತ ಹೊರಗೆ ಬಂದು, ಕದ ಹಾಕಿಕೊಂಡು, ಜಗಲಿಯ ಆ ತುದಿಗೆ ಗೋಡೆಯ ಕಡೆ ಮುಖಮಾಡಿ ಕೂತುಬಿಟ್ಟಳು. ಶಿರಸ್ತೇದಾರರ ಗತ್ತಿನ ಆ ದೊಡ್ಡ ಮನುಷ್ಯರು ದಾರ ಹಿಡಿದು ಏನು ಯೋಚಿಸಿದರೋ. ಬಹಳ ಹೊತ್ತಾಯಿತು. ಆಮೇಲೆ ನೂಲು ಒಮ್ಮೆ ಸಣ್ಣಗೆ ಅಲುಗಿತು. ಗುಡ್ಡಮ್ಮ ಎದ್ದು, ಕದ ತೆಗೆದು, "ಎಂತ ಬೇಕಿತ್ತು ಬುದ್ದಿ?" ಎಂದು ಅವರ ಮುಖ ನೋಡಿದಳು. ಈ ಸಲ ಯಾರೂ ನಗಲಿಲ್ಲ.

ಅವಳಿಗೆ ಆಯಾ ಕೆಲಸ ಕೊಟ್ಟರು ಎಂದು ಬರೆಯಲು ನನಗೆ ಆಸೆ. ಕೊಡಲಿಲ್ಲ. ಸಮಿತಿಯ ಉಳಿದವರು ಒಪ್ಪಲಿಲ್ಲವಂತೆ. ಹೆಚ್ಚುಕಡಿಮೆಯಾದರೆ ಜನ ಏನೆಂದಾರು ಎಂಬ ಮಾತು ಬಂತಂತೆ. ಕಟ್ಟಡದ ಹಿಂದೆ ಬಾಣಂತಿಯರ ಬಟ್ಟೆ ಒಗೆಯುವ ಕೆಲಸವಿದೆ, ಹಂಗಾಮಿ, ಕೋಣೆಯಿಲ್ಲ, ಬೇಕಾದರೆ ಬರಲಿ ಎಂದು ಹೇಳಿಕಳಿಸಿದರು. ನಾನು ಉರಿದುಬಿದ್ದು, ಹೋಗಬೇಡ ಎಂದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ದಿನಾ ಪುಸ್ತಕದಾಗೆ ಹೆಸರು ಬರೀತಾರಾ ಅಮ್ಮ?"

ಬರೆಯುತ್ತಾರೆ ಎಂದೆ.

ನಾವು ಊರು ಬಿಡುವ ಮುಂಚಿನ ಹತ್ತು ಹದಿನೈದು ದಿನ ಅವಳು ಬೆಳಿಗ್ಗೆ ಅಲ್ಲಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಒಂದು ದಿನ ಅವಳ ಹಿಂದೆಯೇ ಹೋಗಿ ನೋಡಿದೆ. ಅವಳು ಒಗೆಯುವ ಕಲ್ಲಿಗೆ ಹೋಗುವ ಮುಂಚೆ ಉಚ್ಚಂಗಪ್ಪನ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಕಿವಿ ಹೋಗುವ ಮೊದಲು ಸ್ಕೂಲಿಗೆ ಹೋಗಿದ್ದ ಮೂರು ವರ್ಷದ ಅಕ್ಷರ ಅವಳಲ್ಲಿ ಇನ್ನೂ ಉಳಿದಿತ್ತು. ತನ್ನ ಹೆಸರಿನ ಮುಂದೆ ಅವನ ಲೆಕ್ಕಣಿಕೆ ಆಡುವುದನ್ನು, ಬಾಯಿಯನ್ನು ನೋಡುವ ಅದೇ ಎಚ್ಚರದಿಂದ ನೋಡಿ, ಅವನು 'ಹಾಜರು' ಎಂದು ಮುಗಿಸಿ ಒತ್ತುಕಾಗದ ಒತ್ತಿದ ಮೇಲೆಯೇ ಅಲ್ಲಿಂದ ಸರಿಯುತ್ತಿದ್ದಳು.

ಬಸ್ಸು ಹೊರಡುವ ದಿನ ಅವಳು ನಿಲ್ದಾಣದವರೆಗೆ ಬಂದು, ಕೂಸಿನ ಕೈಗೆ ಒಂದು ಮೊಳ ನೂಲು ಕೊಟ್ಟು, ಬಸ್ಸು ಕದಲುವ ಮುಂಚೆಯೇ ಕೆಲಸಕ್ಕೆ ಹೊತ್ತಾಯಿತೆಂದು ಹೊರಟಳು. ನಾನು ಕಿಟಕಿಯಿಂದ ಬಗ್ಗಿ, ಬುದ್ಧಿಯಿಲ್ಲದೆ, "ಗುಡ್ಡಮ್ಮಾ!" ಎಂದು ಕೂಗಿದೆ. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಅವಳು ತಿರುಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಎಣಿಸಿದೆ. ಹತ್ತನೆಯ ಹೆಜ್ಜೆಗೆ ಅವಳು ಕತ್ತು, ಭುಜ, ಸೊಂಟ ಎಲ್ಲವನ್ನೂ ತಿರುಗಿಸಿ ಬೀದಿಯನ್ನು ಗುಡಿಸಿದಂತೆ ನೋಡಿದಳು. ನಾನು ಕೈಯೆತ್ತಿದೆ, ಅವಳೂ ಎತ್ತಿದಳು.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ನಾವು ಅವರ ಬೆನ್ನ ಹಿಂದೆ ನಿಂತು ಮೂರು ಸಲ ಕೂಗಿ, ನಮ್ಮ ಕರ್ತವ್ಯ ಮುಗಿಯಿತೆಂದು ಅವರ ಹೆಸರಿನ ಮುಂದೆ ಗೈರುಹಾಜರು ಎಂದು ಬರೆದುಕೊಂಡು ನೆಮ್ಮದಿಯಿಂದಿರುತ್ತೇವೆ. ಅವರಾದರೋ ನಮ್ಮ ಕೂಗಿಗೆ ಕಾಯುವವರಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು, ಯಾರಾದರೂ ಕರೆದರೇನೋ ಎಂದು ತಾವಾಗಿ ತಿರುಗಿ ನೋಡುವವರು. ಕೂಗಿ ಕರೆದವರ ಬಳಿಗೆ ಓಡಿಹೋಗುವುದು ಕಿವಿಯಿದ್ದ ಎಲ್ಲರಿಗೂ ಸಾಧ್ಯ. ಕರೆಯದವರ ಕಡೆಗೂ ಜೀವಮಾನವಿಡೀ ತಿರುಗಿ ತಿರುಗಿ ನೋಡುವ ಸೈರಣೆ ಮಾತ್ರ ಅವರಿಗೇ ಮೀಸಲು. ಆ ಹತ್ತನೆಯ ಹೆಜ್ಜೆಯ ಹೊತ್ತಿಗೆ ಎದುರಿನಲ್ಲಿ ನಾವು ಇರುತ್ತೇವೆಯೇ, ಇಲ್ಲವೇ ಎಂಬುದಷ್ಟೇ ಉಳಿದ ಪ್ರಶ್ನೆ. ಆ ಹಾಜರಿ ನಮ್ಮದು.